ಗುಬ್ಬಿಯ ಒಂದು ವಾಲ್ವು ರೇಡಿಯೋ: ದುರಸ್ತಿಗೆ ಮುನ್ನ ಓದಬೇಕಾದ ದಾಖಲೆ

ಗುಬ್ಬಿಯೆಂದೊಡನೆ ಕನ್ನಡ ಓದುಗನಿಗೆ ನೆನಪಾಗುವುದು ರಂಗಭೂಮಿ. 1884ರಲ್ಲಿ ಸ್ಥಾಪಿತವಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಮುಂದೆ ಅದನ್ನು ನಾಡಿನಾದ್ಯಂತ ಕೊಂಡೊಯ್ದ ವೀರಣ್ಣನವರು, ಅಲ್ಲಿ ಪಳಗಿ ಬಂದ ನಟನಟಿಯರು, ಇವರನ್ನು ಕುರಿತು ಗ್ರಂಥಗಳೂ ಲೇಖನಗಳೂ ಬಂದಿವೆ. ಈ ಪೇಟೆಯಿಂದ ಹೊರಟ ಮಾತೂ ಹಾಡೂ ಎಲ್ಲೆಲ್ಲಿಗೆ ಹೋದುವೆಂಬುದನ್ನು ನಾವು ತಕ್ಕಮಟ್ಟಿಗೆ ಬಲ್ಲೆವು. ಆದರೆ ಹೊರಗಿನ ಮಾತೂ ಹಾಡೂ ಈ ಪೇಟೆಯೊಳಕ್ಕೆ ಹೇಗೆ ಬಂದುವು? ಮಂಡಿಯ ಜಗಲಿಯಲ್ಲಿ, ಮನೆಯ ನಡುಮನೆಯಲ್ಲಿ, ರೇಡಿಯೋ ಎಂಬ ಪೆಟ್ಟಿಗೆಯ ಮುಂದೆ ಕುಳಿತವರು ಏನನ್ನು ಕೇಳಿದರು, ಯಾವ ನಿಲಯವನ್ನು ಹುಡುಕಿ ಹಿಡಿದರು? ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಲಿಖಿತ ಆಧಾರ ಬಹಳ ಕಡಮೆ. ಉಳಿದಿರುವ ಒಂದು ಆಧಾರವನ್ನು ಕುರಿತು, ಅಟ್ಟದಿಂದ ಇಳಿದು ನಮ್ಮ ಮೇಜಿನ ಮೇಲೆ ಬಂದು ಕುಳಿತ ಒಂದು ಕೆಟ್ಟ ರೇಡಿಯೋ ಸೆಟ್ಟನ್ನು ಕುರಿತು, ಇಲ್ಲಿ ನಾಲ್ಕು ಮಾತು ಹೇಳಹೊರಟಿದ್ದೇವೆ.

ಕನ್ನಡನಾಡಿನ ಬಾನುಲಿಯ ಚರಿತ್ರೆಯೆಂದರೆ ಬಹುಮಟ್ಟಿಗೆ ನಿಲಯಗಳ ಚರಿತ್ರೆ. ಅದರ ಮೊದಲ ಪುಟ ಎಲ್ಲರಿಗೂ ತಿಳಿದದ್ದೇ. 1935ರ ಸೆಪ್ಟೆಂಬರ್ 10ರಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್ ಶಕ್ತಿಯ ಪ್ರೇಷಕಯಂತ್ರವನ್ನಿಟ್ಟು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಅಖಿಲ ಭಾರತ ರೇಡಿಯೋ ಅದನ್ನು ತನ್ನದಾಗಿಸಿಕೊಂಡದ್ದು 1950ರ ದಶಕದಲ್ಲಿ. ಪ್ರೇಷಕದ ಶಕ್ತಿ ಮುಂದೆ 250 ವಾಟಿಗೆ ಏರಿತು. 1940ರ ದಶಕದ ಆರಂಭದಲ್ಲಿ ನಿಲಯವನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. 1950ರಲ್ಲಿ ಅದು ಕೇಂದ್ರದ ಕೈಗೆ ಸೇರಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡ ನಿಲಯವೂ, 1955ರ ನವೆಂಬರ್ 2ರಂದು ಬೆಂಗಳೂರು ನಿಲಯವೂ ಬಾಗಿಲು ತೆರೆದುವು. ತಾರೀಖುಗಳೆಲ್ಲ ಸರಿಯೆ. ಆದರೆ ಭೂಪಟವನ್ನು ಮುಂದಿಟ್ಟುಕೊಂಡರೆ ಬೇರೊಂದು ವಿಷಯ ವಿದಿತವಾಗುತ್ತದೆ. ಮೈಸೂರಿನಿಂದ ಗುಬ್ಬಿಗೆ ನೇರ ರೇಖೆಯಲ್ಲಿ ಸುಮಾರು 115 ಕಿಲೋಮೀಟರು; ಧಾರವಾಡದಿಂದ 300ಕ್ಕೂ ಹೆಚ್ಚು. ಒಂದು ಮನೆಯ ದೀಪಕ್ಕೆ ಬೇಕಾಗುವಷ್ಟೇ ಶಕ್ತಿಯಿಂದ ಹೊರಟ ದನಿ ಅಷ್ಟು ದೂರ ಹಗಲಿನಲ್ಲಿ ಬಂದು ಮುಟ್ಟಿತೆಂದು ನಂಬುವುದು ಕಷ್ಟ. ಬೆಂಗಳೂರು ನಿಲಯ ಬಂದಮೇಲೆ, 80 ಕಿಲೋಮೀಟರಿನೊಳಗೆ, ಕನ್ನಡದ ಗಟ್ಟಿಯಾದ ದನಿಯೊಂದು ಈ ಭಾಗಕ್ಕೆ ದಿನವೂ ದೊರೆಯುವಂತಾಯಿತು. ಹಾಗಾದರೆ ಅದಕ್ಕೆ ಮುಂಚೆ ಸೆಟ್ಟು ಕೊಂಡವರು ಏಕೆ ಕೊಂಡರು? ನಿಲಯದ ಕಡತಗಳು ಇದಕ್ಕೆ ಉತ್ತರ ಹೇಳಲಾರವು. ಕೇಳುವ ತುದಿಯನ್ನೇ ವಿಚಾರಿಸಬೇಕು.

ನಮ್ಮಲ್ಲಿಗೆ ಬಂದ ಸೆಟ್ಟು ಗುಬ್ಬಿಯ ಪೇಟೆಯಲ್ಲಿ ಅಡಕೆ ವ್ಯಾಪಾರ ಮಾಡುತ್ತಿದ್ದ ಒಂದು ಕುಟುಂಬದ್ದು. ಮನೆಯನ್ನು ಕೆಡವಿ ಕಟ್ಟುವಾಗ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿದ್ದ ಪೆಟ್ಟಿಗೆ ಸಿಕ್ಕಿತು. ಆ ಮನೆಯ ಮೊಮ್ಮಗ ಹಿಂದೆ ನಮ್ಮ ವಿದ್ಯಾರ್ಥಿಯಾಗಿದ್ದವರು. ಬಿಡುವಿನ ವೇಳೆಯಲ್ಲಿ ನಾವು ಮನೆಯಲ್ಲೇ ಹಳೆಯ ರೇಡಿಯೋಗಳನ್ನು ಸರಿಪಡಿಸುವುದನ್ನು ಬಲ್ಲವರು. “ಹಾಡಿದರೆ ಸಾಕು ಮೇಷ್ಟ್ರೆ, ಹಾಲಿನಲ್ಲಿಡೋದಕ್ಕೆ ಚೆನ್ನಾಗಿ ಹೊಳೆಯೋ ಹಾಗೆ ಮಾಡಿಕೊಡಿ” ಎಂದು ಹೇಳಿ ಇಟ್ಟು ಹೋದರು. ಮರದ ಪೆಟ್ಟಿಗೆ, ಎದುರಿಗೆ ಬಟ್ಟೆ ಹೊದಿಸಿದ ಸ್ಪೀಕರು, ಅದರ ಕೆಳಗೆ ಉದ್ದನೆಯ ಗಾಜಿನ ಡಯಲು, ನಾಲ್ಕು ತಿರುಪುಗಳು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಒಳಗೆ ಇಲಿಯ ಗೂಡು. ಮರ್ಫಿ, ಫಿಲಿಪ್ಸ್, ಬುಷ್, ಎಚ್.ಎಂ.ವಿ., ನ್ಯಾಷನಲ್ ಎಕ್ಕೊ ಮೊದಲಾದ ಹೆಸರುಗಳಲ್ಲಿ ಆ ಕಾಲಕ್ಕೆ ನಮ್ಮ ಪೇಟೆಗಳಲ್ಲಿ ಮಾರಾಟವಾಗುತ್ತಿದ್ದ ಸಾಮಾನ್ಯ ಐದು ವಾಲ್ವುಗಳ ಸೆಟ್ಟುಗಳ ಜಾತಿಗೆ ಸೇರಿದ್ದು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ‘ರೆಮ್ಕೊ’ ಎಂದು ಪ್ರಸಿದ್ಧವಾಗಿದ್ದ ಕಾರಖಾನೆಯೂ ಇಂಥವನ್ನು ತಯಾರಿಸುತ್ತಿತ್ತು.

ಇಂಥ ಸೆಟ್ಟು ಹೇಗೆ ಕೆಲಸಮಾಡುತ್ತಿತ್ತೆಂಬುದನ್ನು ವಿದ್ಯಾರ್ಥಿಗಳ ಸಲುವಾಗಿ ಸಂಗ್ರಹವಾಗಿ ಹೇಳಬಹುದು. ವಾಲ್ವು ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಅದರೊಳಗಿನ ತಂತಿ ಕಾದಾಗ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಸುಮಾರು 250 ವೋಲ್ಟಿನಷ್ಟು ಒತ್ತಡವಿರುವ ಆನೋಡು ಅವನ್ನು ಎಳೆದುಕೊಳ್ಳುತ್ತದೆ. ನಡುವಣ ಗ್ರಿಡ್ಡು ಎಂಬ ಜಾಲರಿಯ ಮೇಲೆ ಬೀಳುವ ಅತ್ಯಲ್ಪ ಸಂಕೇತ ಆ ಹರಿವನ್ನು ಹೆಚ್ಚುಕಡಮೆ ಮಾಡುತ್ತದೆ. ಫ್ಲೆಮಿಂಗ್ 1904ರಲ್ಲಿ ರೂಪಿಸಿದ ಎರಡು ಧ್ರುವಗಳ ಕೊಳವೆಗೆ ಡಿ ಫಾರೆಸ್ಟ್ 1906ರಲ್ಲಿ ಈ ಜಾಲರಿಯನ್ನು ಸೇರಿಸಿದ. ಮೊದಲ ಮಹಾಯುದ್ಧದ ಕೊನೆಯ ವರ್ಷ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದ ಸೂಪರ್‌ಹೆಟರೊಡೈನ್ ಕ್ರಮದಲ್ಲಿ, ಯಾವ ನಿಲಯದ ತರಂಗವೇ ಬರಲಿ, ಸೆಟ್ಟು ಅದನ್ನು ಒಂದೇ ನಿಯತ ಮಧ್ಯಂತರ ಕಂಪನಕ್ಕೆ, ಸಾಮಾನ್ಯವಾಗಿ 455 ಕಿಲೋಸೈಕಲ್ಲಿನ ಆಸುಪಾಸಿಗೆ, ಇಳಿಸಿ ವರ್ಧಿಸುತ್ತದೆ. ನಮ್ಮ ಸೆಟ್ಟಿನಲ್ಲಿ ಈ ಕೆಲಸ ಇಸಿಎಚ್ 81 ಮತ್ತು ಇಎಫ್ 89 ಎಂಬ ವಾಲ್ವುಗಳದು. ಇಬಿಸಿ 81 ಸಂಕೇತದಿಂದ ಮಾತನ್ನು ಬೇರ್ಪಡಿಸುತ್ತದೆ. ಇಎಲ್ 84 ಅದನ್ನು ಸ್ಪೀಕರು ನುಡಿಯುವಷ್ಟು ಬಲಪಡಿಸುತ್ತದೆ. ಇಝಡ್ 81 ಮನೆಯ ವಿದ್ಯುತ್ತನ್ನು ಏಕಮುಖ ಮಾಡಿ ಇವೆಲ್ಲಕ್ಕೂ ಉಣಿಸುತ್ತದೆ.

ದುರಸ್ತಿಗಾರನಿಗೆ ಇಷ್ಟು ತಿಳಿದರೆ ಸಾಕು. ಚರಿತ್ರಕಾರ ಇಲ್ಲಿಂದ ಮುಂದಕ್ಕೆ ಕಣ್ಣು ತೆರೆಯಬೇಕು. ವಾಲ್ವುಗಳನ್ನು ಒಂದೊಂದಾಗಿ ಕಿತ್ತು ಧೂಳು ಕೊಡವಿ ನೋಡಿದಾಗ, ಮೊದಲ ಮೂರರ ಮೇಲೆ ವಿದೇಶದ ಮುದ್ರೆಯಿತ್ತು. ಇಎಲ್ 84 ಮತ್ತು ಇಝಡ್ 81ರ ಮೇಲೆ ಇದ್ದದ್ದು ‘ಬಿ.ಇ.ಎಲ್.’ ಎಂಬ ಮೂರು ಅಕ್ಷರ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1954ರಲ್ಲಿ ಸ್ಥಾಪಿತವಾದದ್ದು. ಹಾಲೆಂಡಿನ ಫಿಲಿಪ್ಸ್ ಕಂಪನಿಯ ಸಹಕಾರದಿಂದ ಅದು ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿದ್ದು 1961ರಲ್ಲಿ. ಆದುದರಿಂದ ಈ ಎರಡು ವಾಲ್ವುಗಳು 1961ಕ್ಕಿಂತ ಮುಂಚೆ ಈ ಸೆಟ್ಟಿನೊಳಗೆ ಬಂದಿರಲಾರವು. ನೆಲ ಅಗೆದಾಗ ಒಂದು ಪದರದಲ್ಲಿ ದೊರೆತ ನಾಣ್ಯ ಆ ಪದರದ ಕಾಲವನ್ನು ಹೇಗೆ ಗೊತ್ತುಪಡಿಸುತ್ತದೆಯೋ ಹಾಗೆಯೇ ಇದು. ಎರಡನೆಯ ಪಂಚವಾರ್ಷಿಕ ಯೋಜನೆಯ ನಡುವೆ, 1957-58ರ ಹೊತ್ತಿಗೆ, ದೇಶದ ವಿದೇಶೀ ವಿನಿಮಯ ಬತ್ತಿ ಆಮದಿನ ಮೇಲೆ ಕಟ್ಟುನಿಟ್ಟು ಬಂದುದೂ, ಇಂಥ ಬಿಡಿಭಾಗಗಳನ್ನು ಇಲ್ಲೇ ತಯಾರಿಸುವ ಹಟ ಬಲವಾದುದೂ ಅರ್ಥಶಾಸ್ತ್ರದ ಪಾಠಗಳಲ್ಲಿ ಬರುತ್ತದೆ. ಅದೇ ಸಂಗತಿ ಇಲ್ಲಿ ಒಂದು ಗಾಜಿನ ಬುರುಡೆಯ ಮೇಲೆ, ಗುಬ್ಬಿಯ ಒಂದು ಮನೆಯೊಳಗೆ, ಕಾಣಿಸಿಕೊಂಡಿದೆ.

ಆದರೆ ಈ ಬಗೆಯ ಅನುಮಾನಕ್ಕೆ ಲಗಾಮು ಬೇಕು. ಎಲ್ಲಕ್ಕಿಂತ ಬಿಸಿಯಾಗಿ ಎಲ್ಲಕ್ಕಿಂತ ಬೇಗ ಸವೆಯುವುವು ಔಟ್‌ಪುಟ್ ವಾಲ್ವು ಮತ್ತು ರೆಕ್ಟಿಫೈಯರೇ. ಬದಲಾಯಿಸಲ್ಪಟ್ಟುವು ಅವೆರಡೇ ಎಂಬುದು ಸಹಜವಾಗಿದೆ. ಉಳಿದ ಮೂರು ಮೂಲದವೇ ಎನ್ನಲು ಮುದ್ರೆಯೊಂದೇ ಸಾಲದು. ಅಂಗಡಿಯವನ ಬಳಿ ಹಳೆಯ ಆಮದಿನ ದಾಸ್ತಾನು ಇದ್ದಿರಬಹುದು. ಮುದ್ರೆ ಕೊಡುವುದು ಮೇಲಿನ ಮಿತಿಯನ್ನಲ್ಲ, ಕೆಳಗಿನ ಮಿತಿಯನ್ನು ಮಾತ್ರ. ಬೆಸುಗೆಯ ಗುರುತುಗಳು ಇಲ್ಲಿ ನೆರವಿಗೆ ಬಂದುವು. ಕಾರಖಾನೆಯ ಬೆಸುಗೆ ಸಣ್ಣದು, ಒಂದೇ ಸಮನಾದದ್ದು. ಔಟ್‌ಪುಟ್ ವಾಲ್ವಿನ ಕಾಲುಗಳ ಬಳಿ ದಪ್ಪನೆಯ, ಅವಸರದ ಬೆಸುಗೆಯಿತ್ತು. ಪಕ್ಕದಲ್ಲಿ ಬೇರೊಂದು ಹಂತದಲ್ಲಿ ಹಾಕಿದ, ಮತ್ತೂ ನಯವಾದ ಕೈಯ ಕೆಲಸ. ಎಂದರೆ ಈ ಸೆಟ್ಟನ್ನು ಇಬ್ಬರಾದರೂ ಬಿಚ್ಚಿದ್ದಾರೆ. ಅವರ ಹೆಸರು ಯಾವ ಗ್ರಂಥದಲ್ಲೂ ಬರಲಾರದು. ಕೈಬರಹ ಮಾತ್ರ ಸೀಸದಲ್ಲಿ ಉಳಿದಿದೆ.

ಇಲ್ಲಿ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದುವರಿಯುವುದು ಸರಿಯಲ್ಲ. ಈ ಹವ್ಯಾಸಕ್ಕೆ ಕೈಹಾಕಿದ ಹೊಸದರಲ್ಲಿ ನಮಗೆ ದೊರೆತ ಮೊದಲ ಸೆಟ್ಟಿನ ಡಯಲಿನ ಗಾಜು ಜಿಡ್ಡುಗಟ್ಟಿತ್ತು. ಸಾಬೂನಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಬದಿಯನ್ನು ಒರೆಸಿದೆವು. ಎರಡು ಸಲ ಕೈ ಆಡಿಸುವಷ್ಟರಲ್ಲಿ ಜಿಡ್ಡಿನೊಂದಿಗೆ ನಿಲಯಗಳ ಹೆಸರುಗಳೂ ಬಟ್ಟೆಗೆ ಬಂದುವು. ಗಾಜಿನ ಹಿಂದೆ ಮುದ್ರಿಸಿದ ಬಣ್ಣ ಕಾಲಕ್ರಮದಲ್ಲಿ ಹಿಡಿತ ಬಿಟ್ಟು ಧೂಳಿನ ಬಲದಿಂದಲೇ ನಿಂತಿರುತ್ತದೆಂಬುದು ಆಗ ಗೊತ್ತಿರಲಿಲ್ಲ. ಸೆಟ್ಟು ಮುಂದೆ ಚೆನ್ನಾಗಿಯೇ ನುಡಿಯಿತು. ಆದರೆ ಅದು ಯಾವ ಯಾವ ಊರುಗಳ ದನಿಯನ್ನು ಕೊಡುವೆನೆಂದು ಭರವಸೆ ಹೇಳಿ ಮಾರಾಟವಾಗಿತ್ತೆಂಬ ಸಂಗತಿ ನಮ್ಮ ಕೈಯಿಂದಲೇ ಅಳಿಸಿಹೋಯಿತು. ಶಾಸನದ ಕಲ್ಲನ್ನು ಉಜ್ಜಿ ಅಕ್ಷರ ಕೆಡಿಸಿದವನನ್ನು ನಾವು ತರಗತಿಯಲ್ಲಿ ಬಯ್ಯುತ್ತೇವೆ.

ಆ ಪಾಠ ಗುಬ್ಬಿಯ ಸೆಟ್ಟಿಗೆ ಒದಗಿತು. ಇದರ ಗಾಜಿನ ಮೇಲೆ, ಮುಂಬದಿಯಲ್ಲಿ, ಕಾಗದದ ಒಂದು ಸಣ್ಣ ಪಟ್ಟಿಯನ್ನು ಯಾರೋ ಗೋಂದಿನಿಂದ ಅಂಟಿಸಿದ್ದರು. ಅದರಲ್ಲಿ ಸೀಸದಕಡ್ಡಿಯ ಮೂರು ಗೆರೆಗಳು. ಒಂದರ ಕೆಳಗೆ ‘ಬೆಂ’ ಎಂದಿದೆ. ಇನ್ನೊಂದರ ಕೆಳಗೆ ‘ಸಿಲೋನ್’. ಮೂರನೆಯದರ ಅಕ್ಷರ ಮಾಸಿದೆ. ಮುಳ್ಳನ್ನು ಎರಡನೆಯ ಗೆರೆಗೆ ತಂದು ಕಿರುತರಂಗದ ಪಟ್ಟಿಯಲ್ಲಿ ನೋಡಿದರೆ ಅದು 41 ಮೀಟರಿನ ಎದುರಿಗೆ ನಿಲ್ಲುತ್ತದೆ. ರೇಡಿಯೋ ಸಿಲೋನ್ ನಮ್ಮ ದೇಶದ ಶ್ರೋತೃಗಳನ್ನು ಸೆಳೆದ ಕಥೆ ಪ್ರಸಿದ್ಧವಾಗಿದೆ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ. ವಿ. ಕೇಸ್ಕರರು ಆಕಾಶವಾಣಿಯಲ್ಲಿ ಚಲಚ್ಚಿತ್ರ ಗೀತೆಗಳಿಗೆ ಕಡಿವಾಣ ಹಾಕಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಕೊಲಂಬೋದಿಂದ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಜನ ಅತ್ತ ತಿರುಗಿದರು. ಕಡೆಗೆ 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ಯನ್ನು ತೆರೆದು ಆಕಾಶವಾಣಿಯೇ ಹಾಡಿಗೆ ಬಾಗಿಲು ಬಿಡಬೇಕಾಯಿತು. ಇದು ಹಿಂದಿ ಪ್ರದೇಶದ ಕಥೆಯೆಂದೂ, ನಮ್ಮ ಕಡೆಯ ಪೇಟೆಗಳಿಗೆ ಅಷ್ಟಾಗಿ ಅನ್ವಯಿಸದೆಂದೂ ನಾವು ಈ ಮೊದಲು ಎಣಿಸಿದ್ದುಂಟು. ಕಾಗದದ ಪಟ್ಟಿ ಆ ಎಣಿಕೆಯನ್ನು ಅಲುಗಿಸಿದೆ. ಕಿರುತರಂಗ ಆಕಾಶದ ಅಯಾನು ಪದರಕ್ಕೆ ತಾಗಿ ಹಿಂದಿರುಗಿ ಬರುವುದರಿಂದ ಅದಕ್ಕೆ ದೂರ ಅಷ್ಟು ದೊಡ್ಡ ತೊಡಕಲ್ಲ. ಮೈಸೂರಿನ 250 ವಾಟಿಗಿಂತ ಕೊಲಂಬೋ ಗುಬ್ಬಿಗೆ ‘ಹತ್ತಿರ’ವಾಗಿದ್ದಿರುವುದು ಸಾಧ್ಯ. ಒಂದು ಪಟ್ಟಿಯಿಂದ ಇಡೀ ಪೇಟೆಯ ಕಿವಿಯನ್ನು ಊಹಿಸುವುದು ತಪ್ಪಾದೀತು, ನಿಜ. ಇಂಥವು ಹತ್ತಿಪ್ಪತ್ತು ದೊರೆತರೆ ಆಗ ಮಾತು ಬೇರೆ. ಹತ್ತಿಪ್ಪತ್ತು ದೊರೆಯಬೇಕಾದರೆ ಅವನ್ನು ಒರೆಸಿ ಹಾಕದಿರುವವರು ಬೇಕು.

ಪೆಟ್ಟಿಗೆಯ ಹಿಂದಿನ ರಟ್ಟಿಗೆ ಒಂದು ಲಕೋಟೆಯನ್ನು ಸಿಕ್ಕಿಸಿದ್ದರು. ಅದರಲ್ಲಿದ್ದುದು ರೇಡಿಯೋ ಲೈಸೆನ್ಸಿನ ಪುಸ್ತಕ. ಇಂದಿನ ವಿದ್ಯಾರ್ಥಿಗಳು ಇದನ್ನು ನಂಬಲು ಹಿಂಜರಿಯುತ್ತಾರೆ: 1933ರ ಭಾರತೀಯ ನಿಸ್ತಂತು ತಂತಿ ಕಾಯಿದೆಯ ಪ್ರಕಾರ ಅನುಮತಿ ಪತ್ರವಿಲ್ಲದೆ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳುವುದು ಅಪರಾಧವಾಗಿತ್ತು. ಗೃಹಬಳಕೆಯ ಸೆಟ್ಟಿಗೆ ವರ್ಷಕ್ಕೆ 15 ರೂಪಾಯಿಯನ್ನು ಅಂಚೆಕಚೇರಿಯಲ್ಲಿ ಕಟ್ಟಿ, ಪುಸ್ತಕದ ಪುಟದಲ್ಲಿ ಅದಕ್ಕೆಂದೇ ಅಚ್ಚಾದ ಸ್ಟಾಂಪು ಅಂಟಿಸಿ ಮುದ್ರೆ ಒತ್ತಿಸಿಕೊಳ್ಳಬೇಕಾಗಿತ್ತು. ಈ ಪದ್ಧತಿ ಪೂರ್ತಿಯಾಗಿ ಹೋದದ್ದು 1980ರ ದಶಕದಲ್ಲಿ. ನಮ್ಮ ಪುಸ್ತಕದ ಮೊದಲ ಪುಟಗಳನ್ನು ಗೆದ್ದಲು ತಿಂದಿರುವುದರಿಂದ ಸೆಟ್ಟು ಕೊಂಡ ವರ್ಷ ಕಳೆದುಹೋಗಿದೆ. ಉಳಿದ ಪುಟಗಳಲ್ಲಿ ಸ್ಟಾಂಪುಗಳು ಕೆಲವು ವರ್ಷ ತಪ್ಪದೆ ಬಂದು, ನಡುವೆ ಒಂದು ಪುಟ ಬರಿದಾಗಿ, ಮತ್ತೆ ಮುಂದುವರಿಯುತ್ತವೆ. ಆ ಬರಿಯ ಪುಟಕ್ಕೂ ಸುಟ್ಟುಹೋದ ಔಟ್‌ಪುಟ್ ವಾಲ್ವಿಗೂ ಸಂಬಂಧವುಂಟೆ? ಕೆಟ್ಟ ರೇಡಿಯೋಕ್ಕೆ 15 ರೂಪಾಯಿ ಕಟ್ಟಲು ವ್ಯಾಪಾರಸ್ಥನ ಮನಸ್ಸು ಒಪ್ಪದಿರುವುದು ಅಸಹಜವಲ್ಲ. ಸಿದ್ಧಪಡಿಸಲಾರೆವಾದರೂ ಹೇಳದಿರಲೂ ಆರೆವು. ಈಗ ನಾವು ಕೇಳುವುದಿಷ್ಟು: ಲೈಸೆನ್ಸಿನ ಪುಸ್ತಕವನ್ನು ರದ್ದಿಗೆ ಹಾಕಿ ಸೆಟ್ಟನ್ನು ಮಾತ್ರ ದುರಸ್ತಿಗೆ ತರುವ ರೂಢಿಯನ್ನು ಮನೆಗಳವರು ಬಿಡಬೇಕು.

ವಿದ್ಯುತ್ತು ಮುಟ್ಟದ ಹಳ್ಳಿಗಳ ಸಂಗತಿ ಇನ್ನೂ ಮಸುಕು. ಅಲ್ಲಿಗೆ ಬ್ಯಾಟರಿ ಸೆಟ್ಟುಗಳು ಹೋಗುತ್ತಿದ್ದುವು: ಡಿಕೆ 96, ಡಿಎಲ್ 96 ಮೊದಲಾದ, 1.4 ವೋಲ್ಟಿನಲ್ಲಿ ಕಾಯುವ ಪುಟ್ಟ ವಾಲ್ವುಗಳು. ಆನೋಡಿಗೆ 90 ವೋಲ್ಟಿನ ಒಣ ಬ್ಯಾಟರಿ. ಕುಣಿಗಲ್ ಕಡೆಯಿಂದ ಒಮ್ಮೆ ಅಂಥದೊಂದನ್ನು ನೋಡಿದ್ದೇವೆ. ಬ್ಯಾಟರಿ ಸೋರಿ ಚಾಸಿಯನ್ನೇ ತಿಂದಿತ್ತು. ಬ್ಯಾಟರಿ ತೀರಿದರೆ ಮತ್ತೊಂದು ಬರುವವರೆಗೆ ಮೌನ. ಆದ್ದರಿಂದ ಅಲ್ಲಿ ಕೇಳುವುದೆಂದರೆ ಲೆಕ್ಕಹಾಕಿ ಕೇಳುವುದು, ಬಹುಶಃ ಊರೆಲ್ಲ ಕೂಡಿ ಕೇಳುವುದು. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ನಿಲಯದ ಸುತ್ತಲ ಸುಮಾರು 150 ಹಳ್ಳಿಗಳಲ್ಲಿ ನಡೆದ ರೇಡಿಯೋ ಗೋಷ್ಠಿಗಳ ಪ್ರಯೋಗದ ವರದಿ ಅಚ್ಚಾಗಿದೆ. ಸಮಾಜಶಾಸ್ತ್ರದ ವಿದ್ಯಾರ್ಥಿಗಳು ನೋಡಬಹುದು.

ಇನ್ನು ದುರಸ್ತಿ. ಮನೆಯಲ್ಲಿ ಈ ಕೆಲಸ ಮಾಡಬಯಸುವವರಿಗೆ ಮೊದಲ ಎಚ್ಚರಿಕೆ: ಪ್ಲಗ್ಗು ಕಿತ್ತಮೇಲೂ ಫಿಲ್ಟರ್ ಕಂಡೆನ್ಸರುಗಳಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ತು ನಿಂತಿರಬಲ್ಲದು. ಯುಸಿಎಚ್, ಯುಸಿಎಲ್ ಎಂದು ಮೊದಲಾಗುವ ವಾಲ್ವುಗಳಿರುವ ಎ.ಸಿ.-ಡಿ.ಸಿ. ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರಿಲ್ಲದ ಕಾರಣ ಚಾಸಿಯ ಲೋಹವೇ ನೇರವಾಗಿ ಮನೆಯ ವಿದ್ಯುತ್ತಿಗೆ ತಗುಲಿರುತ್ತದೆ. ಅವನ್ನು ಅನುಭವಿಗಳ ಜತೆಯಿಲ್ಲದೆ ಬಿಚ್ಚಬಾರದು. ಎರಡನೆಯದು: ಅಟ್ಟದಿಂದ ಇಳಿಸಿದೊಡನೆ ‘ನುಡಿಯುವುದೇ ನೋಡೋಣ’ ಎಂದು ಪ್ಲಗ್ಗು ಚುಚ್ಚುವ ಕುತೂಹಲವೇ ಅನೇಕ ಸೆಟ್ಟುಗಳ ಕೊನೆ. ಮೇಣ ಹಚ್ಚಿದ ಕಾಗದದ ಕಂಡೆನ್ಸರುಗಳು ಇಷ್ಟು ಹೊತ್ತಿಗೆ ತೇವ ಕುಡಿದು ಸೋರುತ್ತಿರುತ್ತವೆ. ಇಬಿಸಿ 81ರ ಆನೋಡಿನಿಂದ ಇಎಲ್ 84ರ ಗ್ರಿಡ್ಡಿಗೆ ಹೋಗುವ ಒಂದು ಕಂಡೆನ್ಸರು ಸೋರಿತೆಂದರೆ ಗ್ರಿಡ್ಡಿನ ಮೇಲೆ ಧನ ಒತ್ತಡ ಕುಳಿತು, ವಾಲ್ವು ಮಿತಿಮೀರಿ ಹರಿದು, ತಾನೂ ಸುಟ್ಟು ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ನಾವು ಆ ಒಂದನ್ನು ಮೊದಲು ಬದಲಾಯಿಸಿ, ಫಿಲ್ಟರುಗಳನ್ನು ಪರೀಕ್ಷಿಸಿ, ಬಳಿಕ ಒಂದು ಬುರುಡೆದೀಪವನ್ನು ಸೀರೀಸಿನಲ್ಲಿ ಸೇರಿಸಿ ವಿದ್ಯುತ್ತು ಕೊಟ್ಟೆವು. ಒಳಗೆಲ್ಲೋ ಶಾರ್ಟು ಇದ್ದರೆ ದೀಪ ಪೂರ್ತಿ ಉರಿಯುತ್ತದೆ. ಇಲ್ಲವಾದರೆ ಒಮ್ಮೆ ಬೆಳಗಿ ಮಂಕಾಗುತ್ತದೆ. ನಮ್ಮದು ಮಂಕಾಯಿತು. ಮಧ್ಯಂತರ ಕಂಪನದ ಟ್ರಾನ್ಸ್‌ಫಾರ್ಮರುಗಳ ತಿರುಪನ್ನು ನಾವು ಮುಟ್ಟಲಿಲ್ಲ. ಕಾರಣವಿಲ್ಲದೆ ಮುಟ್ಟುವವರನ್ನು ಕಂಡರೆ ನಮಗೆ ಆಗುವುದಿಲ್ಲ.

ಹೊಸ ಕಂಡೆನ್ಸರನ್ನು ಹಳೆಯದರ ಕಾಗದದ ಕೊಳವೆಯೊಳಗೆ ಅಡಗಿಸಿ, ಮೇಲೆ ಮೇಣ ಸುರಿದು, ಮೂಲದಂತೆಯೇ ಕಾಣಿಸುವುದು ಕೆಲವು ನಿಪುಣರ ಪದ್ಧತಿ. ನೋಟಕ್ಕೆ ಬಹಳ ಸೊಗಸು. ನಮಗೆ ಅದು ಒಪ್ಪಿಗೆಯಲ್ಲ. ನಾಳೆ ಈ ಸೆಟ್ಟನ್ನು ಬಿಚ್ಚುವವರು ಆ ಕೊಳವೆಯ ಮೇಲಿನ ಮುದ್ರೆಯನ್ನು ನಂಬಿ ತಪ್ಪು ತೀರ್ಮಾನಕ್ಕೆ ಬರುತ್ತಾರೆ; ಜೀರ್ಣೋದ್ಧಾರದ ಹೆಸರಿನಲ್ಲಿ ನಾವು ಕೂಟದಾಖಲೆ ಮಾಡಿದಂತಾಗುತ್ತದೆ. ಹೊಸದು ಹೊಸದಾಗಿಯೇ ಕಾಣಲಿ. ಕಿತ್ತ ಭಾಗಗಳನ್ನೆಲ್ಲ ಒಂದು ಪೊಟ್ಟಣದಲ್ಲಿ ಕಟ್ಟಿ, ಯಾವುದು ಎಲ್ಲಿತ್ತೆಂದು ಚೀಟಿ ಬರೆದು ಪೆಟ್ಟಿಗೆಯೊಳಗೇ ಇಟ್ಟೆವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳಲು ಹೋದಾಗ ಒಬ್ಬ ಅಂಗಡಿಯವರು, ಇಷ್ಟೆಲ್ಲ ಯಾಕೆ, ಒಳಗಿನದನ್ನು ಕಿತ್ತೆಸೆದು ಬ್ಲೂಟೂತ್ ಬೋರ್ಡು ಹಾಕಿದರೆ ಅರ್ಧ ಗಂಟೆಯ ಕೆಲಸವೆಂದರು. ಅವರ ಮಾತಿನಲ್ಲಿ ಲೋಕಾನುಭವವಿದೆ; ಹಾಗೆ ಮಾಡಿಸಿಕೊಂಡವರೂ ಬಹಳ ಮಂದಿ. ಪೆಟ್ಟಿಗೆ ಉಳಿಯಿತೆಂದು ಅವರು ಸಂತೋಷಪಡುತ್ತಾರೆ. ತಾಳೆಗರಿಯನ್ನು ಬಿಸಾಡಿ ಅದರ ಮರದ ಪಟ್ಟಿಗಳನ್ನು ಉಳಿಸಿಕೊಂಡಂತೆ ಅದು.

ದೀಪವನ್ನು ತೆಗೆದು ನೇರವಾಗಿ ವಿದ್ಯುತ್ತು ಕೊಟ್ಟ ಸಂಜೆ, ಮಾಳಿಗೆಯಿಂದ ತೆಂಗಿನಮರಕ್ಕೆ ಏರಿಯಲ್ಲಿನ ತಂತಿ ಕಟ್ಟಿದೆವು. ವಾಲ್ವುಗಳು ಕೆಂಪಗೆ ಕಾಯಲು ಅರ್ಧ ನಿಮಿಷ. ಬಳಿಕ ಸ್ಪೀಕರಿನಲ್ಲಿ ಮೆಲ್ಲನೆ ಗುಂಯ್‌ಗುಟ್ಟುವಿಕೆ. ಮುಳ್ಳು ‘ಬೆಂ’ ಗೆರೆಯ ಸಮೀಪಕ್ಕೆ ಬಂದಾಗ 612 ಕಿಲೋಹರ್ಟ್ಸಿನಲ್ಲಿ ಬೆಂಗಳೂರು ಆಕಾಶವಾಣಿ ಕೇಳಿಸಿತು. ಗೆರೆಗೂ ನಿಲಯಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿತ್ತು. ಅದು ಡಯಲಿನ ದಾರ ಸಡಿಲವಾದುದರಿಂದಲೋ, ನಿಲಯದ ಕಂಪನ ಬದಲಾದುದರಿಂದಲೋ ಇನ್ನೂ ನೋಡಬೇಕಾಗಿದೆ. ‘ಸಿಲೋನ್’ ಗೆರೆಯಲ್ಲಿ ಬರಿಯ ಭೋರೆಂಬ ಸದ್ದು. ಕಿರುತರಂಗದ ಪಟ್ಟಿಯುದ್ದಕ್ಕೂ ಹೆಚ್ಚುಕಡಮೆ ಹಾಗೆಯೇ, ಬಿ.ಬಿ.ಸಿ.ಯ ಹಿಂದಿ ಪ್ರಸಾರ ಕೂಡ 2020ರ ಜನವರಿಯಲ್ಲಿ ಆ ಪಟ್ಟಿಯನ್ನು ಬಿಟ್ಟುಹೋಯಿತು.

ಸೆಟ್ಟನ್ನು ಹಿಂದಿರುಗಿಸಲು ಗುಬ್ಬಿಗೆ ಹೋದಾಗ ಆ ಕಾಗದದ ಪಟ್ಟಿಯ ವಿಷಯದಲ್ಲಿ ಸಣ್ಣ ಚರ್ಚೆಯೇ ನಡೆಯಿತು. ಮೊಮ್ಮಗನಿಗೆ ಅದು ಕೊಳೆಯಂತೆ ಕಂಡಿತು. ಗಾಜು ಹೊಳೆಯಬೇಕೆಂಬುದು ಅವರ ಮೊದಲಿನ ಕೋರಿಕೆ. ತೆಗೆಯದಿರಲು ನಮಗಿದ್ದ ಕಾರಣಗಳನ್ನು ಹೇಳಿದೆವು. ಅವು ಅಷ್ಟಾಗಿ ನಾಟಿದಂತೆ ತೋರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಬಂದ ಅವರ ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, “ಇದು ನಮ್ಮ ಭಾವನವರ ಬರವಣಿಗೆ ಕಣಪ್ಪ” ಎಂದರು. ಮಾಸಿದ ಮೂರನೆಯ ಗೆರೆಯ ಕೆಳಗೆ ಏನಿತ್ತೆಂದು ಕೇಳಿದೆವು. ಸ್ವಲ್ಪ ಹೊತ್ತು ನೆನೆದು, “ಧಾರವಾಡ ಇರಬೇಕು. ರಾತ್ರಿ ಹೊತ್ತು ಮಾತ್ರ ಬರ್ತಿತ್ತು” ಎಂದರು. ಮಧ್ಯಮ ತರಂಗ ಇರುಳಿನಲ್ಲಿ ಮಾತ್ರ ದೂರ ಮುಟ್ಟುವುದೆಂಬ ಭೌತಶಾಸ್ತ್ರದ ಮಾತಿಗೆ ಇದು ಸರಿಹೊಂದುತ್ತದೆ. ಅವರ ಮಾತನ್ನು ಅಂದೇ ಬರೆದು, ದಿನಾಂಕ ಹಾಕಿ, ಅವರ ಒಪ್ಪಿಗೆಯಿಂದ ಪೊಟ್ಟಣದ ಚೀಟಿಗಳ ಜತೆಗೆ ಸೇರಿಸಿದ್ದೇವೆ. ಪಟ್ಟಿ ಗಾಜಿನ ಮೇಲೆಯೇ ಇದೆ.